ಹೆರಿಗೆ ಕ್ಲಾಸಿಗೆ ಬಂದ ಕಂಡಕ್ಟ್ರಣ್ಣ

ಆಸ್ಪತ್ರೆಯ ಮೇಲ್ಮಹಡಿಯ ಹಾಲಿನ ಒಂದು ಮೂಲೆಯಲ್ಲಿ ಹಳೆಯ ಮಂಚಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಉಳಿದ ಜಾಗದಲ್ಲಿ ಚಾಪೆಗಳು, ದಿಂಬುಗಳು, ಹೊಟ್ಟೆ ಮುಂದೆ ಮಾಡಿಕೊಂಡು ಗೋಡೆಗೆ ಒರಗಿದ್ದ ನಾವು. ಹೆರಿಗೆಗೆ ಸಿದ್ಧವಾಗುವ ಕ್ಲಾಸಿನ ಮೊದಲ ಶನಿವಾರ ಅದು. ನಮ್ಮ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದವರು ಒಬ್ಬ ಬಸ್ ಕಂಡಕ್ಟರು. ಡ್ಯೂಟಿಯ ಷರಟು ಮೈಮೇಲೇ ಇತ್ತು, ಟಿಕೆಟ್ ಚೀಲ ತೊಡೆಯ ಮೇಲೆ. ಪಕ್ಕದ ಚಾಪೆ ಖಾಲಿ.

"ನಿಮ್ಮ ಮನೆಯವರೆಲ್ಲಿ?" ಎಂದು ಕ್ಲಾಸು ನಡೆಸುವ ಸಿಸ್ಟರ್ ಕೇಳಿದರು.

"ಬರಲ್ಲ ಸಿಸ್ಟರ್. ನಾನು ಕಲ್ತು ಹೋಗಿ ಹೇಳ್ತೀನಿ."

"ಹೆರೋದು ಅವರು ತಾನೆ?"

"ಹೆರೋದು ಅವಳೇ. ಆದ್ರೆ ಹೆರಿಗೆ ಕೋಣೆಗೆ ಜೊತೆಗಾರರು ಬರಬೇಕು ಅಂದ್ರೆ ಎಲ್ಲಾ ಕ್ಲಾಸೂ ಮುಗಿಸಿರಬೇಕು ಅಂತ ಕೆಳಗೆ ಬೋರ್ಡ್ ಹಾಕಿದ್ದೀರಲ್ಲ. ನಾನು ಒಳಗೆ ಬರಬೇಕು."

ಸಿಸ್ಟರ್ ಅವರ ಹೆಸರನ್ನು ಪಟ್ಟಿಗೆ ಸೇರಿಸಿ ಪಾಠ ಶುರುಮಾಡಿದರು.

ನನ್ನ ಗಂಡ ಹಡಗಿನಲ್ಲಿ ಅಡುಗೆ ಕೆಲಸದವನು. ಅವನು ಬರುವುದರೊಳಗೆ ಮಗು ಬಂದಿರುತ್ತದೆಂದು ಗೊತ್ತಿದ್ದುದರಿಂದ ಜೊತೆಗೆ ನಮ್ಮ ಚಿಕ್ಕಮ್ಮನನ್ನು ಕರೆದೊಯ್ಯುತ್ತಿದ್ದೆ. ಚಿಕ್ಕಮ್ಮ ಒಳ್ಳೆಯವಳು, ಆದರೆ ಸಿಸ್ಟರ್ "ಈಗ ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ" ಎನ್ನುವುದೇ ತಡ, ಗೊರಕೆ ಹೊಡೆಯುತ್ತಿದ್ದಳು. ಹಾಗಾಗಿ ಇಬ್ಬಿಬ್ಬರು ಸೇರಿ ಮಾಡುವ ಅಭ್ಯಾಸಗಳಿಗೆಲ್ಲ ಕಂಡಕ್ಟ್ರಣ್ಣನೇ ನನಗೆ ಜೋಡಿಯಾದರು. ಹೆಂಡತಿಯಿಲ್ಲದ ಗಂಡ, ಗಂಡನಿಲ್ಲದ ಹೆಂಡತಿ ಎಂದು ಉಳಿದವರು ಕಾಲೆಳೆಯುತ್ತಿದ್ದರು. "ನಾನು ತಂಗಿ ಅಂತ ಕರೆದಾಯ್ತು, ನೀವೆಲ್ಲ ಬಾಯಿ ಮುಚ್ಕೊಂಡು ಉಸಿರು ತಗೊಳ್ಳಿ" ಎಂದು ಅವರು ಬಸ್ಸಿನ ಗಂಟಲಿನಲ್ಲಿ ಎಲ್ಲರನ್ನೂ ಗದರಿಸುತ್ತಿದ್ದರು.

ಕಲಿಯುವುದರಲ್ಲಿ ಆ ಮನುಷ್ಯನಿಗೆ ನಾಚಿಕೆ ಎನ್ನುವುದೇ ಇರಲಿಲ್ಲ. ಎಡಮಗ್ಗುಲಿಗೆ ಮಲಗಿ ಮೊಣಕಾಲುಗಳ ಮಧ್ಯೆ ದಿಂಬು ಇಟ್ಟುಕೊಳ್ಳಿ ಎಂದರೆ ತಾವೂ ಮಲಗಿ ಇಟ್ಟುಕೊಳ್ಳುವರು. ನೋವು ಬಂದಾಗ ಬಾಯಿ ಸಡಿಲ ಬಿಟ್ಟು ಉದ್ದಕ್ಕೆ ಉಸಿರು ಬಿಡಿ ಎಂದರೆ ಎಲ್ಲರಿಗಿಂತ ಜೋರಾಗಿ ಬಿಡುವರು. "ನಿಮಗೆ ಎಷ್ಟನೇ ತಿಂಗಳು ಅಣ್ಣ?" ಎಂದು ಯಾರೋ ಕೇಳಿದರೆ, ತಮ್ಮ ಹೊಟ್ಟೆ ತಟ್ಟಿಕೊಂಡು, "ಇದು ತುಂಬಾ ವರ್ಷದ್ದು, ಈಗಲೇ ಇಳಿಯೋ ಲಕ್ಷಣ ಇಲ್ಲ" ಎಂದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಸ್ಥಿತಿಯಲ್ಲಿ ಹಾಗೆ ನಗುವುದು ಅಷ್ಟು ಸುಲಭವೇನಲ್ಲ. ಇಬ್ಬರು ಎದ್ದು ಬಾತ್‌ರೂಮಿಗೆ ಓಡಬೇಕಾಯಿತು.

ಸಿಸ್ಟರ್ ಹತ್ತಿರ ಒಂದು ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯೂ ಒಂದು ಬಟ್ಟೆಯ ಗೊಂಬೆಯೂ ಇದ್ದವು. ಮಗುವಿನ ತಲೆ ಹೊರಗೆ ಬಂದಮೇಲೆ ಭುಜ ಹೇಗೆ ತಿರುಗಿಕೊಳ್ಳುತ್ತದೆ ಎಂಬುದನ್ನು ಅವುಗಳಲ್ಲಿ ತೋರಿಸುತ್ತಿದ್ದರು. ನಮ್ಮಲ್ಲೊಬ್ಬರಿಗೂ ಅರ್ಥವಾಗಲಿಲ್ಲ. ಕಂಡಕ್ಟ್ರಣ್ಣ ಗೊಂಬೆ ತೆಗೆದುಕೊಂಡು ತಿರುಗಿಸಿ ನೋಡಿ, "ಓಹೋ, ರಶ್ ಇರೋ ಬಸ್ಸಲ್ಲಿ ಇಳಿಯೋ ಹಾಗೆ. ಎದೆ ಮುಂದೆ ಮಾಡ್ಕೊಂಡು ಬಂದ್ರೆ ಸಿಕ್ಕೋತಾರೆ. ಭುಜ ಓರೆ ಮಾಡಿದ್ರೆ ಸಲೀಸಾಗಿ ಜಾರ್ತಾರೆ" ಎಂದರು. ಸಿಸ್ಟರ್ ಗೊಂಬೆಯನ್ನು ವಾಪಸ್ಸು ತೆಗೆದುಕೊಂಡು, "ಇದನ್ನ ನಾನು ಮುಂದಿನ ಬ್ಯಾಚಿಗೂ ಹೇಳ್ತೀನಿ ರೀ" ಎಂದರು.

ಅವರ ಹೆಂಡತಿ ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಮೂರನೆಯ ವಾರ. ಆಸ್ಪತ್ರೆಯ ಮುಂದಿನ ನಿಲ್ದಾಣದಿಂದ ನಾನು ಹತ್ತುತ್ತಿದ್ದುದು ಅವರದೇ ಬಸ್ಸು. ಕ್ಲಾಸಿನ ಹೊತ್ತಿಗೆ ಬಿಡುವು ಸಿಗುವಂತೆ ಶನಿವಾರದ ಪಾಳಿಯನ್ನು ಬೇರೊಬ್ಬ ಕಂಡಕ್ಟರಿನ ಜೊತೆ ಅದಲುಬದಲು ಮಾಡಿಕೊಂಡಿದ್ದರಂತೆ. ಜನ ಕಡಿಮೆಯಿದ್ದ ಆ ದಿನ ನನ್ನ ಮುಂದಿನ ಸೀಟಿಗೆ ಒರಗಿ ನಿಂತು ಹೇಳಿದರು.

"ನಾನು ಮನೆಗೆ ಹೋಗಿ ಪಾಠ ಶುರುಮಾಡಿದ್ರೆ ಅವಳು ಹೊಲಿಗೆ ಮಿಷನ್ ಶುರುಮಾಡ್ತಾಳೆ ತಂಗಿ. ಪರದೆ ಹೊಲಿಯೋದು ಅವಳ ಕೆಲಸ. ಮಿಷನ್ ಸದ್ದಲ್ಲಿ ನನ್ನ ಮಾತು ಕೇಳಿಸಲ್ಲ ಅಂತ ನಾನು ಕಿರುಚಿ ಹೇಳ್ತೀನಿ. ಈಗ ಪಕ್ಕದ ಮನೆ ತಾತನಿಗೆ ಎಲ್ಲಾ ಬರುತ್ತೆ. ನಾಳೆ ಬೆಳಿಗ್ಗೆ ನೋವು ಬಂದ್ರೂ ಅವರು ರೆಡಿ."

ನಾನು ನಕ್ಕೆ. ಅವರು ನಗಲಿಲ್ಲ.

"ದೊಡ್ಡ ಮಗಳು ಹುಟ್ಟಿದಾಗ ಬೇರೆ ಆಸ್ಪತ್ರೆ. ಬಾಗಿಲು ಹಾಕಿಬಿಟ್ರು. ನಾನು ಹೊರಗೆ ಬೆಂಚಿನ ಮೇಲೆ. ಅವಳು ಕರೀತಾನೇ ಇದ್ಲು. ನನಗೆ ಕೇಳಿಸ್ತಾನೇ ಇತ್ತು. ಎದ್ದು ಹೋದಾಗೆಲ್ಲ, ಕೂತ್ಕೊಳಪ್ಪ ಅನ್ನೋರು. ಮಗು ಚೆನ್ನಾಗಿತ್ತು, ಇವಳೂ ಚೆನ್ನಾಗಿದ್ಲು. ಆದ್ರೆ ಆವತ್ತಿಂದ ಆ ವಿಷಯದ ಬಗ್ಗೆ ತುಟಿ ಬಿಚ್ಚಿಲ್ಲ. ಈ ಸಲ ಗೊತ್ತಾದ ದಿನ ಒಂದೇ ಮಾತು ಹೇಳಿದ್ದು, ಒಬ್ಬಳನ್ನೇ ಬಿಡಬೇಡಿ ಅಂತ. ಬಿಡಲ್ಲ ಅಂದೆ. ಅದಕ್ಕೇ ಬರ್ತಿದ್ದೀನಿ." ಅಷ್ಟರಲ್ಲಿ ಯಾರೋ ಹತ್ತಿದರು. "ಎಲ್ಲಿಗಮ್ಮ? ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತಾ ಹಿಂದಕ್ಕೆ ಹೋದರು.

ಮನೆಗೆ ಬಂದು ಆ ದಿನದ ಡೈರಿಯಲ್ಲಿ, ಹೆರಿಗೆ ಚೀಲಕ್ಕೆ ಹಳೆಯ ಮೆತ್ತನೆಯ ಟವೆಲ್ ಹಾಕಬೇಕು ಎಂದು ಬರೆದೆ. ಅದರ ಕೆಳಗೆ, ಕಂಡಕ್ಟ್ರಣ್ಣ ಒಳಗೆ ಇರಬೇಕು ಎಂದೂ ಬರೆದೆ.

ಕೊನೆಯ ಶನಿವಾರ ಅವರು ಬರಲಿಲ್ಲ.

ಸಿಸ್ಟರ್ ಸ್ವಲ್ಪ ಹೊತ್ತು ಕಾದರು, ಆಮೇಲೆ ಪಾಠ ಶುರುಮಾಡಿದರು. ಅವತ್ತಿನದು ಮುಖ್ಯವಾದ ಪಾಠ, ನೋವು ಸೊಂಟಕ್ಕೆ ಬಂದಾಗ ಜೊತೆಗಾರರು ಹೇಗೆ ಒತ್ತಬೇಕು ಎನ್ನುವುದು. ಚಿಕ್ಕಮ್ಮ ನನ್ನ ಬೆನ್ನನ್ನು ದೂಳು ಕೊಡಹುವವಳಂತೆ ತಟ್ಟಿದಳು. ನನ್ನ ಕಣ್ಣೆಲ್ಲ ಬಾಗಿಲ ಕಡೆಗೇ. ಮುಂದಿನ ಬ್ಯಾಚು ಶುರುವಾಗುವುದು ಅವರ ಹೆಂಡತಿಯ ದಿನಗಳು ತುಂಬಿದ ಮೇಲೆ. ಒಂದು ಕ್ಲಾಸು ತಪ್ಪಿದರೂ ಒಳಗೆ ಬಿಡುವುದಿಲ್ಲವೆಂದು ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ಹೇಳಿದ ಮಾತು ಸಡಿಲಿಸುವ ಜಾತಿಯವರಲ್ಲ ಅವರು.

ಕ್ಲಾಸು ಮುಗಿಸಿ ನಾನೂ ಸಿಸ್ಟರೂ ನಿಲ್ದಾಣದಲ್ಲಿ ನಿಂತಿದ್ದಾಗ ಬಸ್ಸು ಬಂತು. ಚಿಕ್ಕಮ್ಮ ತರಕಾರಿ ತರಲೆಂದು ಆಗಲೇ ಬೇರೆ ದಾರಿ ಹಿಡಿದಿದ್ದಳು. ಬಾಗಿಲಲ್ಲಿ ಕಂಡಕ್ಟ್ರಣ್ಣ. ನಮ್ಮನ್ನು ನೋಡಿ ಮುಖ ಬಿಳಿಚಿಕೊಂಡಿತು.

"ಸಿಸ್ಟರ್, ಕ್ಲಾಸು?"

"ಮುಗೀತು."

"ರಸ್ತೆ ಅಗೆದುಬಿಟ್ಟಿದ್ದಾರೆ ಸಿಸ್ಟರ್. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಸ್ ಬಿಟ್ಟು ಓಡಿ ಬರೋಣ ಅಂದ್ರೆ ಒಳಗೆ ಜನ..."

ಸಿಸ್ಟರ್ ಹತ್ತಿ ಕಿಟಕಿ ಪಕ್ಕ ಕೂತರು. ಕಂಡಕ್ಟ್ರಣ್ಣ ಟಿಕೆಟ್ ಹರಿದು ಕೊಟ್ಟರು. ಒಬ್ಬರಿಗೆ ಚಿಲ್ಲರೆ ಹೆಚ್ಚು ಕೊಟ್ಟುಬಿಟ್ಟಿದ್ದರು, ಅವರೇ ಕರೆದು ವಾಪಸ್ಸು ಮಾಡಿದರು. ನಾನು ಸಿಸ್ಟರ್ ಮುಖ ನೋಡಿದೆ, ಅವರು ಕಿಟಕಿಯ ಹೊರಗೆ ನೋಡಿದರು. ಎರಡು ನಿಲ್ದಾಣ ದಾಟಿದ ಮೇಲೆ ತಿರುಗದೆಯೇ ಕೇಳಿದರು:

"ರೀ, ಕೊನೇ ಸ್ಟಾಪಲ್ಲಿ ಬಸ್ಸು ಎಷ್ಟೊತ್ತು ನಿಲ್ಲುತ್ತೆ?"

"ಟೀ ಕುಡಿಯೋಷ್ಟು ಹೊತ್ತು."

"ಇವತ್ತು ಟೀ ಬೇಡ. ನೀನೂ ಇಳಿಯಬೇಡಮ್ಮ," ಎಂದು ನನಗೆ ಹೇಳಿದರು, "ಬೆನ್ನು ಬೇಕು."

ಕೊನೆಯ ನಿಲ್ದಾಣದಲ್ಲಿ ಜನರೆಲ್ಲ ಇಳಿದರು. ಡ್ರೈವರು ನಮ್ಮ ಮೂವರನ್ನೂ ವಿಚಿತ್ರವಾಗಿ ನೋಡಿ, ಟೀ ಅಂಗಡಿಗೆ ಹೋದರು. ಸಿಸ್ಟರ್ ನನ್ನನ್ನು ಸೀಟಿನ ಕಂಬಿ ಹಿಡಿದು ಮುಂದಕ್ಕೆ ಬಾಗಿ ನಿಲ್ಲಿಸಿದರು. ಕಂಡಕ್ಟ್ರಣ್ಣ ಟಿಕೆಟ್ ಚೀಲವನ್ನು ಹೆಗಲಿಂದ ತೆಗೆದು ಪಕ್ಕಕ್ಕಿಟ್ಟು, ಅಂಗೈ ಬುಡವನ್ನು ನನ್ನ ಸೊಂಟಕ್ಕೆ ಊರಿದರು.

"ಅಂಗೈ ಅಲುಗಿಸಬಾರದು. ಉಜ್ಜೋದಲ್ಲ ಇದು. ಒಂದೇ ಕಡೆ ಭಾರ ಹಾಕಿ. ನೋವು ಏರ್ತಿದ್ದ ಹಾಗೆ ನಿಮ್ಮ ಭಾರ ಏರಬೇಕು, ಇಳೀತಿದ್ದ ಹಾಗೆ ಇಳೀಬೇಕು."

"ತಂಗಿ, ನೋಯ್ತಾ ಇದ್ಯಾ?"

"ಇಲ್ಲ ಅಣ್ಣ, ಹಾಯಾಗಿದೆ" ಎಂದೆ. ನಿಜಕ್ಕೂ ಹಾಯಾಗಿತ್ತು.

ಆಗಲೇ ಮೆಟ್ಟಿಲ ಮೇಲೆ ಯಾರೋ ಬಂದ ಸದ್ದಾಯಿತು. ತುಂಬಿದ ಹೊಟ್ಟೆಯ ಹೆಂಗಸೊಬ್ಬರು ಕೈಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದರು. ಅವರ ಮನೆ ಆ ನಿಲ್ದಾಣದ ಹಿಂದಿನ ಬೀದಿಯಲ್ಲೇ ಇತ್ತು. ಸಂಜೆಯ ಪಾಳಿಯಿದ್ದ ದಿನ ಗಂಡನಿಗೆ ಊಟ ತಂದು ಕೊಡುವುದು ರೂಢಿ. ಪರಸ್ತ್ರೀಯ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತ ಗಂಡನನ್ನು ಆಕೆ ನೋಡಿದರು. ಕಂಡಕ್ಟ್ರಣ್ಣನಿಗೆ ಕೈ ತೆಗೆಯಬೇಕು ಎನ್ನುವುದೂ ಹೊಳೆಯಲಿಲ್ಲ.

"ಇದೇನಾ ರೀ ನಿಮ್ಮ ಕ್ಲಾಸು?"

"ಸಿಸ್ಟರ್ ಇದ್ದಾರೆ, ಸಿಸ್ಟರ್ ಇದ್ದಾರೆ ನೋಡೇ," ಎಂದರು ಕಂಡಕ್ಟ್ರಣ್ಣ. ನಾನು ಬಾಗಿದಲ್ಲೇ ತಲೆ ತಿರುಗಿಸಿ, "ನಮಸ್ಕಾರ ಅಕ್ಕ" ಎಂದೆ. ಬೇರೇನು ಹೇಳುವುದು?

ಅಕ್ಕ ನಗಲಿಲ್ಲ, ಜಗಳಕ್ಕೂ ಬರಲಿಲ್ಲ. ಗಂಡನ ಅಂಗೈಯನ್ನೇ ನೋಡುತ್ತಾ ನಿಂತರು. ಅವರು ಹಿಂದಕ್ಕೆ ತಿರುಗಿ ಹೋಗಿಬಿಡುತ್ತಾರೆ ಎಂದುಕೊಂಡೆ.

"ಅಲ್ಲಿ ಯಾಕೆ ಒತ್ತುತ್ತಿದ್ದೀರಾ?" ಎಂದರು ಕೊನೆಗೆ. "ಅಲ್ಲೇನಿದೆ?"

"ಸಿಸ್ಟರ್ ಹೇಳಿದ್ದು..."

"ಇನ್ನೂ ಕೆಳಗೆ. ಅಲ್ಲಲ್ಲ, ಇನ್ನೂ. ಅಯ್ಯೋ, ಈ ಹುಡುಗೀನೇನು ಕೇಳ್ತೀರಾ, ಇವಳಿನ್ನೂ ಹೆತ್ತಿಲ್ಲ. ಸರಿಯಮ್ಮ ಸ್ವಲ್ಪ." ಡಬ್ಬಿಯನ್ನು ಸೀಟಿನ ಮೇಲಿಟ್ಟು ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಕಂಬಿ ಹಿಡಿದು ಬಾಗಿದರು. "ಇಲ್ಲಿ. ನನಗೆ ಬಂದಿದ್ದು ಇಲ್ಲಿ. ಗಟ್ಟಿಯಾಗಿ ಒತ್ತಿ ರೀ, ಹಿಟ್ಟು ನಾದ್ತಿದ್ದೀರಾ?"

ಕಂಡಕ್ಟ್ರಣ್ಣ ಒತ್ತಿದರು. ನಾನೂ ಸಿಸ್ಟರೂ ಉಸಿರು ಬಿಗಿಹಿಡಿದೆವು. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಕ್ಕೆ ತೀರಾ ವಿರುದ್ಧ.

ಅಕ್ಕ ಕಿಟಕಿಯ ಗಾಜಿನ ಕಡೆ ಮುಖ ಮಾಡಿಕೊಂಡು ಮಾತಾಡತೊಡಗಿದರು. ಯಾರಿಗೆ ಹೇಳುತ್ತಿದ್ದಾರೆ ಎಂದು ಅವರಿಗೂ ಗೊತ್ತಿರಲಿಲ್ಲವೇನೋ. "ಒಬ್ಬೊಬ್ಬರೇ ಬರೋರು, ನೋಡೋರು, ಹೋಗೋರು. ಏನಾಗ್ತಿದೆ ಅಂತ ಕೇಳಿದ್ರೆ, ಸುಮ್ನಿರಮ್ಮ ಅನ್ನೋರು. ಒಬ್ಬರ ಮುಖ ಒಬ್ಬರು ನೋಡ್ಕೊಳ್ಳೋರು. ನೋವು ತಡೆದೆ ನಾನು. ನೋವಿನ ಮಾತಲ್ಲ. ನಾನು ಸಾಯ್ತಿದ್ದೀನಿ, ಅದನ್ನ ನನಗೆ ಹೇಳೋಕೆ ಯಾರಿಗೂ ಮನಸ್ಸಿಲ್ಲ ಅಂತ ಅನ್ಕೊಂಡೆ. ಅಷ್ಟು ಜನ ಇದ್ರು, ಒಬ್ಬರೂ ಜೊತೆಗಿರಲಿಲ್ಲ. ಆಮೇಲೆ ಮಗು ಕೈಗೆ ಕೊಟ್ಟು, ನೋಡು, ಸುಮ್ನೆ ಹೆದರಿದ್ದೆ ಅಂತ ನಕ್ಕರು."

ಕಂಡಕ್ಟ್ರಣ್ಣ ಅಂಗೈ ತೆಗೆಯಲಿಲ್ಲ. ಅವರ ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು, ಒರೆಸಿಕೊಳ್ಳುವುದಕ್ಕೆ ಕೈ ಬಿಡುವಿರಲಿಲ್ಲ.

ಸಿಸ್ಟರ್ ಅಕ್ಕನ ಮುಂದಿನ ಸೀಟಿನಲ್ಲಿ ಕೂತು ಅವರ ಮುಖಕ್ಕೆ ಮುಖ ಕೊಟ್ಟರು. "ನೋವೇ ಆಗಲ್ಲ ಅಂತ ನಾನು ಯಾರಿಗೂ ಹೇಳಲ್ಲಮ್ಮ. ನಿಮ್ಮವರು ಒಳಗೆ ಇರ್ತಾರೆ. ಆದ್ರೆ ಒಂದು ಮಾತು ಮುಚ್ಚಿಡಬಾರದು. ಆಪರೇಷನ್ನೇ ಆಗಬೇಕು ಅಂತ ಬಂದ್ರೆ ಥಿಯೇಟರಿಗೆ ಇವರನ್ನ ಬಿಡಲ್ಲ. ಅದು ನನ್ನ ಕೈಯಲ್ಲಿಲ್ಲ."

"ಆವಾಗ?"

"ಆವಾಗ ನೀವೇ ಕೇಳಬೇಕು. ಏನು ಮಾಡ್ತಿದ್ದೀರಾ, ಯಾಕೆ ಮಾಡ್ತಿದ್ದೀರಾ, ಮಗು ಹೇಗಿದೆ. ಸುಮ್ನಿರಮ್ಮ ಅಂದ್ರೆ ಇನ್ನೊಂದ್ಸಲ ಕೇಳಿ. ನಾಚಿಕೆ ಬೇಡ. ಮೈ ನಿಮ್ಮದು."

ಅಷ್ಟು ಹೊತ್ತಿಗೆ ಒಬ್ಬ ಅಜ್ಜಿ ಚೀಲ ಎಳೆದುಕೊಂಡು ಹತ್ತಿ, ಬಾಗಿ ನಿಂತ ಅಕ್ಕನನ್ನು ನೋಡಿ, "ಏನಾಯ್ತಮ್ಮ, ವಾಂತಿನಾ?" ಎಂದು ಕೇಳಿದರು.

"ಇಲ್ಲಜ್ಜಿ, ಕ್ಲಾಸು ನಡೀತಿದೆ" ಎಂದರು ಕಂಡಕ್ಟ್ರಣ್ಣ, ಮೂಗು ಏರಿಸಿಕೊಂಡು. "ಕೂತ್ಕೊಳ್ಳಿ, ಟಿಕೆಟ್ ಆಮೇಲೆ."

ಅಜ್ಜಿ ಕೂತು ಸ್ವಲ್ಪ ಹೊತ್ತು ನೋಡಿ, "ನಮ್ಮ ಕಾಲದಲ್ಲಿ ಗಂಡಸರು ಹಿಂಗೆ ಒತ್ತಿದ್ದಿದ್ರೆ ಇನ್ನೆರಡು ಹೆರ್ತಿದ್ದೆ" ಎಂದರು. ಅಕ್ಕ ಮೊದಲ ಸಲ ನಕ್ಕದ್ದು ಆಗಲೇ. ಸಿಸ್ಟರ್ ಎದ್ದು ಕಂಡಕ್ಟ್ರಣ್ಣನ ಬೆನ್ನು ತಟ್ಟಿ, "ಇವರು ಪಾಸ್" ಎಂದು ಅಕ್ಕನಿಗೆ ಹೇಳಿ ಇಳಿದು ಹೋದರು.

ಅದಾಗಿ ಕೆಲವು ವಾರಕ್ಕೆ ನನ್ನ ಹೆರಿಗೆಯಾಯಿತು. ಹಗಲಿಡೀ ಹಿಡಿಯಿತು. ಚಿಕ್ಕಮ್ಮ ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ. ನನಗಿಂತ ಮುಂಚೆ ಅವಳೇ ಅತ್ತಳು. ಉದ್ದ ಉಸಿರು ಅರ್ಧ ದಾರಿಯವರೆಗೆ ಕೈಹಿಡಿಯಿತು, ಆಮೇಲೆ ಕೂಗಿದೆ, ಕೂಗಿದ್ದೂ ಒಳ್ಳೆಯದೇ ಆಯಿತು. ಓದುವವರಲ್ಲಿ ಯಾರಾದರೂ ದಿನ ಎಣಿಸುತ್ತಿದ್ದರೆ ಅವರಿಗೆ ಇಷ್ಟೇ ಹೇಳುತ್ತೇನೆ, ಕಲಿತದ್ದೆಲ್ಲ ಆ ಹೊತ್ತಿಗೆ ನೆನಪಿರುವುದಿಲ್ಲ. ಎರಡು ಮೂರು ನೆನಪಿರುತ್ತವೆ, ಅಷ್ಟು ಸಾಕು.

ನಾನು ಇನ್ನೂ ವಾರ್ಡಿನಲ್ಲಿರುವಾಗಲೇ ಅಕ್ಕ ಬಂದರು. ಬೆಳಗಿನ ಮೊದಲ ಬಸ್ಸು ಹೊರಡುವ ಹೊತ್ತಿಗೆ ತಾವೇ ನಡೆದು ಬಂದು ಮುಂದಿನ ಸೀಟಿನಲ್ಲಿ ಕೂತು, "ಆಸ್ಪತ್ರೆಗೆ ಒಂದು ಕೊಡಿ" ಎಂದರಂತೆ. ಟಿಕೆಟ್ ಹರಿಯಲು ಹೋದ ಕಂಡಕ್ಟ್ರಣ್ಣ ಹೆಂಡತಿಯ ಬಾಯಿ ನೋಡಿದರೆ ಸಡಿಲವಾಗಿ ತೆರೆದಿತ್ತು, ಉಸಿರು ಉದ್ದಕ್ಕೆ ಹೋಗುತ್ತಿತ್ತು. ಮಿಷನ್ ಸದ್ದಿನಲ್ಲೂ ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ಅವರಿಗೆ ತಿಳಿದದ್ದು ಆಗ. ಅಲ್ಲಿಂದ ಆಸ್ಪತ್ರೆಯವರೆಗೆ ಡ್ರೈವರು ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲವಂತೆ.

ಬೆಳಗಿನಿಂದ ಮಧ್ಯಾಹ್ನದವರೆಗೆ ಕಂಡಕ್ಟ್ರಣ್ಣ ಒಳಗಿದ್ದರು. ಕೊಟ್ಟ ಮಾತಿನ ಬಹುಪಾಲು ನಡೆದಿತ್ತು.

ಮಧ್ಯಾಹ್ನ ನಾನು ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದೆ. ಹೆತ್ತವರು ಬೇಗ ಬೇಗ ಎದ್ದು ಓಡಾಡಬೇಕೆಂದು ಸಿಸ್ಟರ್ ಹಟ ಹಿಡಿದಿದ್ದರು. ಎದುರಿಗೆ ತಳ್ಳುಮಂಚ ಬಂತು, ಅದರ ಮೇಲೆ ಅಕ್ಕ, ಪಕ್ಕದಲ್ಲಿ ಮಂಚದ ಕಂಬಿ ಹಿಡಿದು ಕಂಡಕ್ಟ್ರಣ್ಣ. ಥಿಯೇಟರಿನ ಬಾಗಿಲ ಮುಂದೆ ನಿಲ್ಲಿಸಿದರು.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಎನ್ನುತ್ತಿದ್ದರು ಅಕ್ಕ.

"ಪ್ರತಿ ನೋವಿಗೂ ಮಗುವಿನ ಎದೆಬಡಿತ ಇಳೀತಿದೆಯಮ್ಮ. ತಿರುಗಿ ಏರೋಕೆ ತಡ ಮಾಡ್ತಿದೆ. ಕಾಯೋದು ಬೇಡ. ಈಗ ತೆಗೆದ್ರೆ ಇಬ್ಬರಿಗೂ ಒಳ್ಳೇದು."

"ಇವರು ಇಲ್ಲೇ ಇರಬೇಕು," ಎಂದರು ಬಾಗಿಲಲ್ಲಿದ್ದ ನರ್ಸು. ಕಂಡಕ್ಟ್ರಣ್ಣ ಕಂಬಿ ಬಿಡಲಿಲ್ಲ. ಮನಸ್ಸಿದ್ದರೆ ಬಸ್ಸನ್ನೇ ಹಿಡಿದು ನಿಲ್ಲಿಸಬಲ್ಲ ಕೈ ಅದು.

"ನಾನು ಮಾತು ಕೊಟ್ಟಿದ್ದೀನಿ ಸಿಸ್ಟರ್."

"ಬಿಡಿ ರೀ," ಎಂದರು ಅಕ್ಕ. ಮುಖ ಬೆವರಿತ್ತು, ತುಟಿ ಒಣಗಿತ್ತು, ದನಿ ಮಾತ್ರ ಅಂಗಡಿಯಲ್ಲಿ ಬಟ್ಟೆ ಅಳತೆ ಹೇಳುವವರದು. "ನಾನು ಕೇಳ್ಕೊಂಡು ಹೋಗ್ತೀನಿ." ಆಮೇಲೆ ಅರಿವಳಿಕೆ ಕೊಡುವ ಯುವ ಡಾಕ್ಟರನ್ನು ಕರೆದರು. "ಅಪ್ಪಾ, ನೀನು ನನ್ನ ತಲೆ ಹತ್ರ ನಿಂತಿರ್ತೀಯಾ?"

"ಹೌದಮ್ಮ."

"ಹಂಗಾದ್ರೆ ಮಾತಾಡ್ತಾ ಇರಬೇಕು. ಏನ್ ಮಾಡಿದ್ರೂ ನನಗೆ ಹೇಳಿ ಮಾಡಬೇಕು. ಒಳ್ಳೇದಾದ್ರೂ ಸರಿ, ಕೆಟ್ಟದ್ದಾದ್ರೂ ಸರಿ."

"ಆಯ್ತಮ್ಮ, ಹೇಳ್ತೀನಿ."

ಕಂಡಕ್ಟ್ರಣ್ಣನ ಬೆರಳುಗಳನ್ನು ಅಕ್ಕನೇ ಒಂದೊಂದಾಗಿ ಬಿಡಿಸಿದರು. ಬಾಗಿಲು ಮುಚ್ಚಿತು. ಅವರ ಪಕ್ಕ ಹೋಗಿ ನಿಂತೆ. ಅಷ್ಟರಲ್ಲಿ ವಾರ್ಡಿನಿಂದ ನನ್ನ ಮಗುವಿನ ಅಳು ಕೇಳಿಸಿ, ಎದೆ ಸೋರತೊಡಗಿತು. "ಹೋಗು ತಂಗಿ" ಎಂದರು. ಹೋಗಲೇಬೇಕಾಯಿತು.

ಮರುದಿನ ಅಕ್ಕನ ಮಂಚ ನನ್ನ ಮಂಚದ ಪಕ್ಕಕ್ಕೆ ಬಂತು. ತೊಟ್ಟಿಲಲ್ಲಿ ಗಂಡುಮಗು, ಅಪ್ಪನದೇ ಗಂಟಲು. ಹೊಲಿಗೆ ನೋಯುತ್ತದೆಂದು ಅಕ್ಕ ಮೆಲ್ಲಗೆ ನಗುತ್ತಿದ್ದರು.

"ಆ ಡಾಕ್ಟ್ರು ಬಾಯಿ ಮುಚ್ಚಲಿಲ್ಲ ಕಣೇ. ಈಗ ಸೂಜಿ, ಈಗ ಕಾಲು ಜುಮ್ಮನ್ನುತ್ತೆ, ಈಗ ಎಳೆದ ಹಾಗಾಗುತ್ತೆ, ಈಗ ತಲೆ ಬಂತು, ಕೂದಲು ತುಂಬಾ ಇದೆ. ಮಗು ಅತ್ತಮೇಲೂ ನಿಲ್ಲಿಸಲಿಲ್ಲ. ಅವನು ಓದಿದ್ದೆಲ್ಲಿ, ಅವನ ತಂಗಿ ಮದುವೆ ಯಾವಾಗ, ಎಲ್ಲಾ ಆಯ್ತು. ಕೊನೆಗೆ ನಾನೇ, ಸಾಕು ಸುಮ್ನಿರಪ್ಪ ಅಂದೆ." ತೊಟ್ಟಿಲ ಕಡೆ ತಿರುಗಿ, "ಹೆದರಿಕೆ ಇತ್ತು. ಆದ್ರೆ ಆವತ್ತಿನ ಹಾಗಲ್ಲ" ಎಂದರು.

ಕಂಡಕ್ಟ್ರಣ್ಣ ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದರು. ಮಂಚದ ಕಾಲಿನ ಕಡೆ ನಿಂತರು. ಹಿಂದಿನ ದಿನದಿಂದ ಅವರು ಹೆಂಡತಿಯ ಮುಖ ನೋಡಿ ಮಾತಾಡಿರಲಿಲ್ಲ. ಹೊದಿಕೆ ಸರಿಮಾಡುವರು, ಫ್ಲಾಸ್ಕಿನ ಮುಚ್ಚಳ ಬಿಗಿಮಾಡುವರು.

"ಕೊನೇಲಿ ಒಬ್ಬಳನ್ನೇ ಕಳಿಸಿಬಿಟ್ಟೆ ಕಣೇ," ಎಂದರು, ಫ್ಲಾಸ್ಕಿಗೆ ಹೇಳುವವರ ಹಾಗೆ.

"ನಾನು ಒಬ್ಬಳೇ ಇರಲಿಲ್ಲ ರೀ. ಈಗ ತಾನೆ ಇವಳಿಗೆ ಅದನ್ನೇ ಹೇಳ್ತಿದ್ದೆ." ಅಕ್ಕ ಗಂಡನ ಕಡೆ ತಿರುಗಿದರು. "ನೀವೇನ್ ಮಾಡ್ತಿದ್ರಿ, ಹೊರಗೆ?"

"ಏನಿಲ್ಲ. ನಿಂತಿದ್ದೆ."

"ಕೂತ್ಕೊಳ್ಳಲಿಲ್ವಾ?"

"ಕೂತ್ಕೊಳ್ಳೋಕಾಗಲಿಲ್ಲ."

"ಯಾರಾದ್ರೂ ಬಂದು ಏನಾಗ್ತಿದೆ ಅಂತ ಹೇಳಿದ್ರಾ ನಿಮಗೆ?"

ಇಡೀ ಬಸ್ಸಿಗೆ ಕೇಳುವಂತೆ ಕೂಗುವ ಮನುಷ್ಯ ತಲೆಯಾಡಿಸಿದರು, ಇಲ್ಲ ಎಂದು.

ಅಕ್ಕ ಒಂದು ಕೈ ಹೊಲಿಗೆಯ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ, ಮಂಚದ ಆ ಪಕ್ಕಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿದು ಜಾಗ ಮಾಡಿದರು.

"ಬನ್ನಿ ಇಲ್ಲಿ. ಮೊದಲಿಂದ ಹೇಳ್ತೀನಿ."

ರೋಗಿಗಳ ಮಂಚದ ಮೇಲೆ ಬೇರೆಯವರು ಕೂರಬಾರದು ಎಂಬುದು ಆ ವಾರ್ಡಿನ ನಿಯಮ. ಕಂಡಕ್ಟ್ರಣ್ಣ ಬಾಗಿಲ ಕಡೆ ಒಮ್ಮೆ ನೋಡಿ, ಅಂಚಿನಲ್ಲಿ ಕೂತರು. ಅಕ್ಕ ಸಣ್ಣ ದನಿಯಲ್ಲಿ ಹೇಳತೊಡಗಿದರು. ನನ್ನ ಮಗಳಿಗೆ ಹಸಿವಾಗಿತ್ತು. ಅವಳನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಹಾಲು ಕುಡಿಸತೊಡಗಿದೆ.